ನಾಚಿಕೊಳ್ಳುವ ರಾಗಿ ಚೀಲ

ಡಿಸೆಂಬರ್ ಬಂತೆಂದರೆ ಪಕ್ಕದ ಮನೆ ಅಕ್ಕನ ಚಪ್ಪರದವರೆ ಬಳ್ಳಿ ಗೋಡೆ ದಾಟಿ ನಮ್ಮ ಹಿತ್ತಲಿಗೆ ಇಳಿಯುತ್ತದೆ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಹಿತ್ತಲು ಉಳಿಸಿಕೊಂಡ ಮನೆಗಳು ಈಗ ಕಡಿಮೆ. ನಮ್ಮೆರಡು ಮನೆ ಹೇಗೋ ಉಳಿದುಕೊಂಡಿವೆ. ನಡುವೆ ಎದೆಮಟ್ಟದ ಗೋಡೆ, ಗೋಡೆಯ ಮೇಲೆ ತಂತಿ ಬಲೆ. ಬಲೆಯ ಆ ಕಡೆ ಅಕ್ಕ, ಈ ಕಡೆ ನಾನು. ಈ ಕಡೆ ಬಿಟ್ಟ ಕಾಯಿ ನಮಗೆ ಅನ್ನುವುದು ಇಪ್ಪತ್ತು ವರ್ಷದಿಂದ ನಡೆದುಬಂದ ಒಪ್ಪಂದ.

ಮೊನ್ನೆ ಭಾನುವಾರ ಬೆಳಗ್ಗೆ ಕಾಯಿ ಕೀಳುತ್ತಿದ್ದ ಅಕ್ಕ ಕೈ ನಿಲ್ಲಿಸಿ ಕೇಳಿದರು.

"ಅಲ್ಲ ಕಣೇ, ನಿನ್ನ ಮಗಳು ನಾಲ್ಕು ವರ್ಷ ಓದಿದಳಲ್ಲ ಅನಿಮೇಷನ್ನು, ಅದರಲ್ಲಿ ನಿಜವಾಗ್ಲೂ ಏನು ಹೇಳ್ಕೊಡ್ತಾರೆ? ನಮ್ಮ ಮೊಮ್ಮಗ ಅದನ್ನೇ ಓದ್ತೀನಿ ಅಂತ ಹಟ ಹಿಡಿದು ಕೂತಿದಾನೆ. ಸೆಕೆಂಡ್ ಪಿಯುಸಿ, ಸೈನ್ಸು. ಅವರಪ್ಪ ಇಂಜಿನಿಯರಿಂಗ್ ಸೇರು ಅಂತಾನೆ. ಗೊಂಬೆ ಬರೆಯೋದಕ್ಕೆ ಲಕ್ಷಗಟ್ಟಲೆ ಯಾಕೆ ಸುರೀಬೇಕು ಅಂತಾನೆ. ಮನೇಲಿ ಮಾತೇ ನಿಂತುಹೋಗಿದೆ."

ನಾನು ಕೈಯಲ್ಲಿದ್ದ ಕಾಯಿಯನ್ನು ಮಡಿಲಿಗೆ ಹಾಕಿಕೊಂಡೆ. ಐದು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದೆ. ಆಗ ಬಿಡಿಸಿ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಕಾಲೇಜುಗಳ ಬ್ರೋಷರ್ ತಂದು ಹರಡಿಕೊಂಡು ಕೂತಿದ್ದೆವು. ಒಂದರಲ್ಲಿ ಬೆಂಕಿ ಉಗುಳುವ ಡ್ರಾಗನ್, ಇನ್ನೊಂದರಲ್ಲಿ ಸಾಫ್ಟ್‌ವೇರುಗಳ ಹೆಸರಿನ ಸಾಲು. ಮಗು ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಕೂತು ಏನನ್ನು ಕಲಿಯುತ್ತದೆ ಅನ್ನುವುದು ಯಾವುದರಲ್ಲೂ ಇರಲಿಲ್ಲ. ಅದು ನನಗೆ ತಿಳಿದದ್ದು ರಾತ್ರಿಗಟ್ಟಲೆ ಅವಳ ಪಕ್ಕದಲ್ಲಿ ಕೂತು ನೋಡಿದ ಮೇಲೆ.

"ತೂಕ ಹಾಕೋದನ್ನ ಕಲಿಸ್ತಾರೆ ಅಕ್ಕ" ಅಂದೆ.

"ತೂಕಾನಾ? ತಕ್ಕಡೀಲಾ?"

"ಕಣ್ಣಲ್ಲೇ."

ಅಕ್ಕ ಕುಕ್ಕೆಯನ್ನು ಗೋಡೆಯ ಮೇಲಿಟ್ಟರು. ಕುಕ್ಕೆ ಗೋಡೆಗೆ ಬಂತೆಂದರೆ ಮಾತು ಉದ್ದವಾಗುತ್ತದೆ ಎಂದು ಅರ್ಥ.

ಕಾಗದದ ಮೇಲೆ ಒಂದು ಚೆಂಡು ಬರೆದರೆ ಅದಕ್ಕೆ ತೂಕ ಎಲ್ಲಿಂದ ಬರಬೇಕು? ಬರೀ ಒಂದು ಸುತ್ತು ಗೆರೆ. ಅದು ರಬ್ಬರಿನದೋ, ಕಬ್ಬಿಣದ್ದೋ, ಸಾಬೂನಿನ ಗುಳ್ಳೆಯೋ, ಗೆರೆ ನೋಡಿ ಯಾರೂ ಹೇಳಲಾರರು. ಅದು ಬಿದ್ದಾಗ ಎಷ್ಟು ಪುಟಿಯಿತು, ಎರಡನೇ ಸಲ ಎಷ್ಟು ಕಡಿಮೆ ಪುಟಿಯಿತು, ಮೇಲೆ ಹೋದಾಗ ಎಷ್ಟು ಹೊತ್ತು ತೂಗಿ ನಿಂತಿತು, ಇಷ್ಟರಿಂದಲೇ ನಮ್ಮ ಕಣ್ಣು ಅದನ್ನು ತೂಗುತ್ತದೆ. ಜಗತ್ತಿನಲ್ಲಿ ಎಲ್ಲಿ ಅನಿಮೇಷನ್ ಓದಿದರೂ ಮೊದಲ ಪಾಠ ಸಾಮಾನ್ಯವಾಗಿ ಈ ಪುಟಿಯುವ ಚೆಂಡೇ. ಒಂದು ಸೆಕೆಂಡಿಗೆ 24 ಚಿತ್ರ. ಕೈಯಲ್ಲಿ ಬರೆಯುವಾಗ ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿದರೂ 12 ಬೇಕು. ಹಾಗೆ ಹಿಡಿದರೂ ಒಂದು ನಿಮಿಷಕ್ಕೆ 720 ಚಿತ್ರ. ಚೆಂಡು ಮೇಲೇರಿ ನಿಧಾನವಾಗುವ ಕಡೆ ಚಿತ್ರಗಳು ಒಂದರ ಮೇಲೊಂದು ಒತ್ತೊತ್ತಾಗಿರಬೇಕು, ರಭಸವಾಗಿ ಬೀಳುವ ಕಡೆ ದೂರದೂರ ಇರಬೇಕು. ಇದರಲ್ಲಿ ಒಂದು ಗೆರೆ ಆಚೀಚೆ ಆದರೂ ಚೆಂಡು ಚೆಂಡಾಗಿರುವುದಿಲ್ಲ, ದಾರ ಕಟ್ಟಿ ಎಳೆದ ಹಾಗೆ ಕಾಣುತ್ತದೆ.

"ನಿಮಗೆ ನೆನಪಿದೆಯಾ ಅಕ್ಕ, ಮಗಳು ಒಂದು ದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಇಲ್ಲೇ ಬಂದು ಭಾವನ್ನ ಕರೆದಿದ್ಲು?"

ಅಕ್ಕನಿಗೆ ಮರೆತಿತ್ತು. ನನಗೆ ಮರೆತಿಲ್ಲ. ಭಾವ, ಅಂದರೆ ಅಕ್ಕನ ಗಂಡ, ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1984ರಲ್ಲಿ ಶುರುವಾದ ಆ ರೈಲು ಗಾಲಿ ಮತ್ತು ಅಚ್ಚಿನ ಕಾರ್ಖಾನೆ, ಹಳೆ ಉಕ್ಕು ಕರಗಿಸಿ ಗಾಲಿ ಎರಕ ಹೊಯ್ಯುವ ಜಾಗ. ಆಯುಷ್ಯವೆಲ್ಲ ಭಾರದ ವಸ್ತು ಉರುಳುವುದನ್ನು ನೋಡಿದ ಕಣ್ಣು ಅವರದು. ಮಗಳಿಗೆ ಆಗ ಕಾಲೇಜಿನಲ್ಲಿ ಕಬ್ಬಿಣದ ಗುಂಡು ಬೀಳುವ ಅಭ್ಯಾಸ ಕೊಟ್ಟಿದ್ದರು. ಅವಳು ಐದಾರು ಸಲ ಮಾಡಿದ್ದಳು, ಮೇಷ್ಟ್ರು ಐದಾರು ಸಲವೂ ವಾಪಸ್ ಕಳಿಸಿದ್ದರು. ಭಾವ ಕನ್ನಡಕ ಏರಿಸಿ ಎರಡು ಸಲ ನೋಡಿ, "ಇದು ಪೊಳ್ಳು ಕಣಮ್ಮಾ" ಅಂದರು. "ಭಾರದ್ದು ಬಿದ್ದಾಗ ಅದು ಅಲುಗಬಾರದು, ನೆಲ ಅಲುಗಬೇಕು. ಉರುಳೋದಕ್ಕೆ ಶುರು ಮಾಡುವಾಗ ಯೋಚನೆ ಮಾಡ್ದಂಗೆ ನಿಧಾನ ಇರಬೇಕು, ನಿಲ್ಲುವಾಗಲೂ ಅಷ್ಟೇ ನಿಧಾನ." ಮಗಳು ಆ ರಾತ್ರಿ ಗುಂಡನ್ನು ಬಿಟ್ಟು ನೆಲದ ಧೂಳನ್ನೂ ಪಕ್ಕದಲ್ಲಿದ್ದ ಕಲ್ಲುಗಳನ್ನೂ ಕುಲುಕಿಸಿದಳು. ಗುಂಡು ತಾನಾಗಿ ಭಾರವಾಯಿತು. ಕಾಲೇಜಿನಲ್ಲಿ ಅದು ಒಪ್ಪಿಗೆಯಾದ ದಿನ ಅವಳು ಭಾವನಿಗೆ ಮೈಸೂರು ಪಾಕ್ ತಂದುಕೊಟ್ಟಿದ್ದಳು.

"ಓ, ಆ ಮೈಸೂರು ಪಾಕಾ!" ಅಕ್ಕನಿಗೆ ಈಗ ನೆನಪು ಬಂತು.

ಚೆಂಡಾದ ಮೇಲೆ ಚೀಲ. ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ನಡೆಸಬೇಕು, ಕುಣಿಸಬೇಕು, ಅದಕ್ಕೆ ಕೋಪ, ಸಂತೋಷ, ನಾಚಿಕೆ ಬರಿಸಬೇಕು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ, ನಾಲ್ಕು ಮೂಲೆ ಮಾತ್ರ. ಅಮೆರಿಕದ ಡಿಸ್ನಿ ಸ್ಟುಡಿಯೋದಲ್ಲಿ ಹುಟ್ಟಿದ ಅಭ್ಯಾಸ ಇದು; ಅಲ್ಲಿ ಅದು ಮೈದಾ ಚೀಲ. ನಮ್ಮ ಮನೆಯಲ್ಲಿ ಅದು ಮಿಲ್ಲಿನಿಂದ ಬಂದ ರಾಗಿ ಹಿಟ್ಟಿನ ಚೀಲವಾಯಿತು. ಅವಳು ಅದನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಎಸೆದಳು, ಗೋಡೆಗೆ ಒರಗಿಸಿದಳು, ಒಂದು ಮೂಲೆ ಹಿಡಿದು ಎಳೆದಳು. ನಾನು ಮುದ್ದೆಗೆ ಹಿಟ್ಟಿಲ್ಲದೆ ಕಾಯುತ್ತಾ ನಿಂತಿದ್ದೆ. ಮೂರು ದಿನ ಕಳೆದ ಮೇಲೆ ಅವಳ ಕಾಗದದ ಚೀಲ ಮೇಲಿನ ಎರಡು ಮೂಲೆಯನ್ನು ಮುಂದಕ್ಕೆ ಬಗ್ಗಿಸಿ, ನಡು ಕೊಂಚ ತಿರುಚಿ, ಕೆಳಗಿನ ಒಂದು ಮೂಲೆಯಲ್ಲಿ ನೆಲ ಕೆರೆಯಿತು. ನೋಡಿದೊಡನೆ ನನಗೆ ಗೊತ್ತಾಯಿತು: ಅದಕ್ಕೆ ನಾಚಿಕೆ. ಹೊಸದಾಗಿ ಬಂದ ನೆಂಟರ ಮುಂದೆ ನಿಂತ ಹುಡುಗಿಯ ಹಾಗೆ.

ಅದರಲ್ಲೂ ತೂಕದ ಲೆಕ್ಕ ಇದೆ. ಚೀಲ ಹಿಗ್ಗಿದರೂ ಕುಗ್ಗಿದರೂ ಒಳಗಿನ ಹಿಟ್ಟು ಅಷ್ಟೇ ಇರಬೇಕು. ಉದ್ದಕ್ಕೆ ಎಳೆದರೆ ಸಪೂರ ಆಗಬೇಕು, ಕುಕ್ಕಿದರೆ ಅಗಲ ಆಗಬೇಕು. "ಇದನ್ನ ನಿಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಅಕ್ಕ. ಚಪಾತಿ ಉಂಡೆ ತಟ್ಟುವಾಗ ಅದು ಅಗಲ ಆದಷ್ಟೂ ತೆಳ್ಳಗಾಗುತ್ತಲ್ಲ, ಅಷ್ಟೇ." ಡಿಸ್ನಿಯ ಇಬ್ಬರು ಹಿರಿಯ ಕಲಾವಿದರು, ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್, 1981ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ ಇಂಥ 12 ಸೂತ್ರಗಳನ್ನು ಜೋಡಿಸಿಟ್ಟಿದ್ದಾರೆ. ಹಿಗ್ಗು ಕುಗ್ಗಿನದು ಮೊದಲನೆಯದು. ಮಗಳ ಮೇಜಿನ ಮೇಲಿನ ಗೋಡೆಯಲ್ಲಿ ಆ ಹನ್ನೆರಡರ ಪಟ್ಟಿ ನಾಲ್ಕು ವರ್ಷ ಅಂಟಿಕೊಂಡಿತ್ತು. ನನಗೆ ಎರಡನೆಯದು ತುಂಬಾ ಇಷ್ಟ. ಯಾವ ಕೆಲಸಕ್ಕೂ ಮೊದಲು ಮೈ ಅದರ ಎದುರು ದಿಕ್ಕಿಗೆ ಸ್ವಲ್ಪ ಹೋಗುತ್ತದೆ ಅನ್ನುವುದು ಆ ಸೂತ್ರ. ಹಾರಬೇಕಾದವನು ಮೊದಲು ಕೂರುತ್ತಾನೆ, ಹೊಡೆಯುವವನು ಮೊದಲು ಕೈ ಹಿಂದೆ ಎಳೆಯುತ್ತಾನೆ. ಆ ಹಿಂದಿನ ಎಳೆತ ಇಲ್ಲದಿದ್ದರೆ ಮುಂದಿನ ಹೊಡೆತಕ್ಕೆ ಬಲ ಬರುವುದಿಲ್ಲ.

ಆ ಪಾಠ ಅವಳಿಗೆ ಪುಸ್ತಕದಿಂದ ಹತ್ತಲಿಲ್ಲ, ನಮ್ಮ ಕೆರೆಯಲ್ಲಿ ಹತ್ತಿತು. ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಅದು ಉಳಿದದ್ದರಿಂದ ನಮ್ಮ ಮಕ್ಕಳಿಗೆ ಏನೇನು ಸಿಕ್ಕಿತು ಅನ್ನುವುದರಲ್ಲಿ ಇದೂ ಒಂದು ಎಂದು ನನ್ನ ಲೆಕ್ಕ. ಮೊದಲ ವರ್ಷ ಪೂರ್ತಿ ಅವಳು ಬೆಳಗ್ಗೆ ಆರೂವರೆಗೆ ಎದ್ದು ಬೇಲಿ ಹತ್ತಿರ ನಿಂತು ಬರೆಯುತ್ತಿದ್ದಳು. ಕೊಳದ ಬಕ ನೀರಿನಂಚಿನಲ್ಲಿ ಕಲ್ಲಿನ ಹಾಗೆ ನಿಂತಿರುತ್ತೆ. ಮೀನು ಕಂಡರೆ ತಕ್ಷಣ ಮುಂದಕ್ಕೆ ಚಾಚುವುದಿಲ್ಲ. ಕತ್ತನ್ನು ನಿಧಾನವಾಗಿ ಹಿಂದಕ್ಕೆ ಮಡಚುತ್ತೆ, ಮಡಚುತ್ತೆ, ಆಮೇಲೆ ಒಂದೇ ಏಟು. "ಅಮ್ಮಾ, ಮಡಚೋದಕ್ಕೆ ಇಪ್ಪತ್ತು ಚಿತ್ರ ಬೇಕು, ಚುಚ್ಚೋದಕ್ಕೆ ಎರಡೇ ಸಾಕು" ಅಂತ ಓಡಿ ಬಂದಿದ್ದಳು ಒಂದು ದಿನ. ಹಾವಕ್ಕಿ ನೀರೊಳಗೆ ಮೈ ಅಡಗಿಸಿ ಕತ್ತು ಮಾತ್ರ ಮೇಲಿಟ್ಟು ಈಜುವುದು, ನೀರುಕಾಗೆ ಬೆಳಗಿನ ಬಿಸಿಲಿಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು, ಬಣ್ಣದ ಕೊಕ್ಕರೆ ಇಳಿಯುವಾಗ ಕಾಲನ್ನು ಮುಂದೆ ಚಾಚಿ ರೆಕ್ಕೆಯಲ್ಲಿ ಗಾಳಿ ತಡೆಯುವುದು, ಇವೆಲ್ಲ ಅವಳ ಪುಸ್ತಕದಲ್ಲಿವೆ. ಚಂದದ ಚಿತ್ರಗಳಲ್ಲ ಅವು. ಮೂವತ್ತು ಸೆಕೆಂಡಿನಲ್ಲಿ ಎಳೆದ ಗೀಟುಗಳು. ಹಕ್ಕಿ ಹೊರಡುವ ಮೊದಲು ಅದರ ಭಾರ ಯಾವ ಕಾಲ ಮೇಲಿತ್ತು ಅನ್ನುವುದಷ್ಟನ್ನೇ ಹಿಡಿಯಬೇಕಂತೆ.

"ಹಾಗಾದ್ರೆ ಕಂಪ್ಯೂಟರ್ ಯಾವಾಗ?"

ಬಿ.ವಿ.ಎ. ಅನ್ನುವ ನಾಲ್ಕು ವರ್ಷದ ದೃಶ್ಯಕಲಾ ಪದವಿಯಲ್ಲಿ ಮೊದಲ ವರ್ಷ ಎಲ್ಲರಿಗೂ ಅಡಿಪಾಯದ ವರ್ಷ: ರೇಖೆ, ಬಣ್ಣ, ಮಣ್ಣಿನ ಕೆಲಸ, ಮನುಷ್ಯನ ಮೈಕಟ್ಟು. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಂಡವರಿಗೂ ಬಾಗಿಲು ತೆರೆದಿರುತ್ತೆ. ಕಂಪ್ಯೂಟರಿನ ಮುಂದೆ ಸರಿಯಾಗಿ ಕೂರುವುದು ಆಮೇಲೆ. ಮೂರು ವರ್ಷದ ಬಿ.ಎಸ್ಸಿ. ಇದೆ, ಡಿಪ್ಲೊಮಾಗಳಿವೆ, ಅವುಗಳಲ್ಲಿ ಕೆಲವು ಮೊದಲ ದಿನವೇ ಮಯಾ, ಬ್ಲೆಂಡರ್, ಆಫ್ಟರ್ ಎಫೆಕ್ಟ್ಸ್ ಅಂತ ಸಾಫ್ಟ್‌ವೇರಿಗೇ ಕೈ ಹಾಕಿಸುತ್ತವೆ. ನನ್ನ ತಮ್ಮನ ಮಗ ಅಂಥ ಒಂದು ಕಡೆ ದುಡ್ಡು ಕಟ್ಟಿ ಸೇರಿದ್ದ. ಹೆಸರು ಬೇಡ. ವರ್ಷದ ಕೊನೆಗೆ ಅವನಿಗೆ ಎಲ್ಲ ಗುಂಡಿಗಳೂ ಗೊತ್ತಿದ್ದವು, ಆದರೆ ಅವನು ಮಾಡಿದ ಮನುಷ್ಯ ನಡೆದರೆ ಮಂಜುಗಡ್ಡೆಯ ಮೇಲೆ ಜಾರಿದ ಹಾಗಿತ್ತು. ಹುಡುಗ ತುಂಬಾ ನೊಂದುಕೊಂಡ. ಅದಕ್ಕೇ ಅಕ್ಕನಿಗೆ ಒತ್ತಿ ಹೇಳಿದೆ: ಸೇರಿಸುವ ಮುಂಚೆ ಆ ಕಾಲೇಜಿಗೆ ಹೋಗಿ, ಅಲ್ಲಿನ ಮಕ್ಕಳು ಕೊನೇ ವರ್ಷ ಮಾಡಿದ ಸಿನಿಮಾ ತೋರಿಸಿ ಅಂತ ಕೇಳಿ. ಗೋಡೆ ಮೇಲೆ ಪೆನ್ಸಿಲ್ ಚಿತ್ರ ಇದೆಯಾ ನೋಡಿ. ಫೀಸಿನ ಮಾತು ಆಮೇಲೆ.

ಎಲ್ಲಿ ಕಲಿಸುತ್ತಾರೆ ಅಂತ ಬೆಂಗಳೂರಿನ ಉತ್ತರ ಭಾಗದ ನಾವು ದೂರ ಹುಡುಕಬೇಕಾಗಿಲ್ಲ. 1996ರಲ್ಲಿ ಶುರುವಾದ ಸೃಷ್ಟಿ ವಿನ್ಯಾಸ ಸಂಸ್ಥೆ ನಮ್ಮ ಯಲಹಂಕ ನ್ಯೂ ಟೌನಿನಲ್ಲೇ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಯಶವಂತಪುರದ ಹತ್ತಿರ ತುಮಕೂರು ರಸ್ತೆಯ ಪಕ್ಕದಲ್ಲಿ 2006ರಲ್ಲಿ ತೆರೆದ ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ವಿನ್ಯಾಸದ ಸ್ನಾತಕೋತ್ತರ ಓದು ಇದೆ. ಒಂದು ಕಾಲಕ್ಕೆ ಹೀಗಿರಲಿಲ್ಲ. ಬಾಂಬೆಯ ಫಿಲ್ಮ್ಸ್ ಡಿವಿಷನ್ನಿಗೆ 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಅನ್ನುವವರು ಬಂದು ಒಂದಷ್ಟು ಹುಡುಗರನ್ನು ಕೂರಿಸಿಕೊಂಡು ಕಲಿಸಿದರು; ಮರುವರ್ಷ ಅಲ್ಲಿಂದ ಜಾತಕ ಕಥೆಯ ಜಿಂಕೆಯ ಸಿನಿಮಾ ಬಂತು. ಅಷ್ಟರಿಂದ ಶುರುವಾದದ್ದು ಈಗ ಬಸ್ಸಿನಲ್ಲಿ ಹೋಗಿಬರುವ ದೂರಕ್ಕೆ ಬಂದಿದೆ.

ಬಳ್ಳಿಯ ತುದಿ ನನ್ನ ಕಿವಿಗೆ ತಾಗಿತು. ಅದನ್ನು ಸರಿಸುವಾಗ ಇನ್ನೊಂದು ನೆನಪಾಯಿತು. ಕೋವಿಡ್ ಹೊತ್ತಿನಲ್ಲಿ ಕಾಲೇಜು ಮುಚ್ಚಿ ಪಾಠವೆಲ್ಲ ಮೊಬೈಲಿನಲ್ಲಿದ್ದಾಗ, ಮಗಳು ಇದೇ ಬಲೆಗೆ ಹಳೇ ಫೋನು ಕಟ್ಟಿ ಅಕ್ಕನ ಬಳ್ಳಿಯ ಫೋಟೋ ತೆಗೆದಿದ್ದಳು. ಐದು ನಿಮಿಷಕ್ಕೆ ಒಂದರ ಹಾಗೆ. ನಮ್ಮ ಕಣ್ಣಿಗೆ ಬಳ್ಳಿ ಸುಮ್ಮನೆ ನಿಂತಿರುತ್ತೆ. ಆ ಫೋಟೋಗಳನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಎಳೇ ತುದಿ ಗಾಳಿಯಲ್ಲಿ ಸುತ್ತು ಹಾಕುತ್ತಾ, ಕುರುಡರು ಕೈಯಾಡಿಸಿದ ಹಾಗೆ ಆಧಾರ ಹುಡುಕುತ್ತಿತ್ತು. ತಂತಿ ಸಿಕ್ಕಿದ ಕೂಡಲೇ ಹಿಡಿದುಕೊಂಡಿತು. ಎರಡು ಗಂಟೆಯ ಹುಡುಕಾಟ ಒಂದು ಸೆಕೆಂಡಿನಲ್ಲಿ ಕಂಡಿತು. ಅಕ್ಕ ಆ ಸಾಯಂಕಾಲ ಅದನ್ನು ನೋಡಿ, "ಅಯ್ಯೋ, ಪಾಪ, ಎಷ್ಟು ಕಷ್ಟಪಡುತ್ತೆ" ಅಂದು ಮಾರನೇ ದಿನವೇ ಕೋಲು ನೆಟ್ಟಿದ್ದರು.

ಭಾರತದ ಸಿನಿಮಾ ಶುರುವಾದದ್ದೂ ಹೆಚ್ಚುಕಮ್ಮಿ ಹೀಗೇ. ದಾದಾಸಾಹೇಬ್ ಫಾಲ್ಕೆ ರಾಜಾ ಹರಿಶ್ಚಂದ್ರ ತೆಗೆಯುವ ಮುಂಚೆ, 1912ರಲ್ಲಿ, ಕುಂಡದಲ್ಲಿ ಬಟಾಣಿ ನೆಟ್ಟು ಅದು ಬೆಳೆಯುವುದನ್ನು ದಿನದಿನವೂ ಕ್ಯಾಮೆರಾದಲ್ಲಿ ಹಿಡಿದಿದ್ದರು. ಆ ಪುಟ್ಟ ಸಿನಿಮಾ ತೋರಿಸಿಯೇ ಅವರು ದುಡ್ಡು ಹಾಕುವವರನ್ನು ನಂಬಿಸಿದ್ದು. ಕಾಳಿನ ಗಿಡವೊಂದು ಮೊಳೆಯುವುದನ್ನು ತಾಳ್ಮೆಯಿಂದ ಹಿಡಿದವರು ಅವರು, ಅದನ್ನೇ ಈ ಮಕ್ಕಳು ತರಗತಿಯಲ್ಲಿ ಮಾಡುತ್ತಾರೆ ಅಂದಾಗ ಅಕ್ಕ ಬಳ್ಳಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಸರಿ, ಇದೆಲ್ಲ ನೋಡೋದಾಯ್ತು. ಮಾತಾಡಿಸೋದು ಹೆಂಗೆ? ಆ ಗೊಂಬೆಗಳು ಬಾಯಿ ಆಡಿಸ್ತಾವಲ್ಲ?"

ಇದನ್ನು ಕೇಳಿದ್ದಕ್ಕೆ ನನಗೆ ತುಂಬಾ ಖುಷಿಯಾಯಿತು. ತುಟಿ ಹೊಂದಿಸುವ ಪಾಠ ಮಗಳಿಗೆ ಮೂರನೇ ವರ್ಷ ಬಂತು. ಮಾತನ್ನು ಮೊದಲು ರೆಕಾರ್ಡ್ ಮಾಡಿ, ಯಾವ ಫ್ರೇಮಿನಲ್ಲಿ ಯಾವ ಸದ್ದು ಬಂತು ಅಂತ ಬರೆದುಕೊಂಡು, ಆ ಸದ್ದಿಗೆ ತಕ್ಕ ಬಾಯಿ ಬರೆಯಬೇಕು. ಪುಸ್ತಕದಲ್ಲಿ ಇದ್ದದ್ದು ಇಂಗ್ಲಿಷ್ ಸದ್ದುಗಳ ಬಾಯಿ. ಮಗಳು ಕನ್ನಡದಲ್ಲಿ ಮಾಡಬೇಕು ಅಂತ ಕೂತಳು. ಕನ್ನಡಿ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಹೇಳುತ್ತಾ ಹೋದಳು. ಕ ಖ ಗ ಘ ಗಂಟಲಲ್ಲಿ ಹುಟ್ಟುತ್ತೆ, ತುಟಿಗೆ ಕೆಲಸವಿಲ್ಲ. ಚ, ಟ ಒಳಗೇ ನಡೆಯುವ ವ್ಯವಹಾರ. ತ ಅಂದರೆ ನಾಲಗೆ ಹಲ್ಲಿನ ಹಿಂದೆ ಇಣುಕುತ್ತೆ. ಪ ಫ ಬ ಭ ಮ ಬಂದರೆ ತುಟಿ ಮುಚ್ಚಲೇಬೇಕು, ಮುಚ್ಚದೆ ಆ ಸದ್ದಿಲ್ಲ. ಅವಳು ದಡಬಡ ಎದ್ದು ಬಂದಳು. "ಅಮ್ಮಾ, ಒಂದನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇದೇ ಚಾರ್ಟು! ಗಂಟಲಿಂದ ಹೊರಟು ತುಟಿವರೆಗೆ ಸಾಲಾಗಿ ಜೋಡಿಸಿಟ್ಟಿದಾರೆ!"

ಹೌದಲ್ಲ! ನಾವೆಲ್ಲ ಸ್ಲೇಟಿನ ಮೇಲೆ ತಿದ್ದಿದ ವರ್ಗೀಯ ವ್ಯಂಜನಗಳು ಬಾಯಿಯ ಒಳಗಿನಿಂದ ಹೊರಗೆ ಬರುವ ಒಂದು ದಾರಿ. ವ್ಯಾಕರಣದ ಮೇಷ್ಟ್ರು ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಅಂತ ಹೇಳಿಕೊಟ್ಟದ್ದು ನನಗೆ ಪರೀಕ್ಷೆಗೆ ಮಾತ್ರ ಬೇಕಾಗಿತ್ತು. ಅದು ಗೊಂಬೆಯ ಬಾಯಿಗೆ ಜೀವ ಕೊಡುವ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಾದಾಗ ನನಗೆ ನನ್ನ ಭಾಷೆಯ ಮೇಲೆ ಇನ್ನಿಲ್ಲದ ಅಭಿಮಾನ ಉಕ್ಕಿತು. ಮಗಳು ಬೆಳೆದದ್ದು ಚಿಂಟು ಟಿವಿ ನೋಡಿಕೊಂಡು. 2009ರಲ್ಲಿ ಆ ಚಾನೆಲ್ ಶುರುವಾದಾಗ ಕಾರ್ಟೂನು ಕನ್ನಡ ಮಾತಾಡಿದ್ದೇ ಮಕ್ಕಳಿಗೆ ಹಬ್ಬ. ಆದರೆ ಬೇರೆ ಭಾಷೆಗೆ ಅಂತ ಬರೆದ ಬಾಯಿಗೆ ಕನ್ನಡ ತುಂಬಿದಾಗ, ಗೊಂಬೆ "ಅಮ್ಮ" ಅನ್ನುವ ಹೊತ್ತಿಗೆ ಅದರ ಬಾಯಿ ತೆರೆದೇ ಇರುತ್ತಿತ್ತು. ಅಮ್ಮ ಅನ್ನುವಾಗ ತುಟಿ ಮುಚ್ಚುವ ಗೊಂಬೆ ನಮ್ಮ ಮಕ್ಕಳಿಗೆ ಬೇಕು ಅಂತ ನನಗೆ ಬಲವಾದ ಆಸೆ. ಕನ್ನಡದ ಮನೆಮನೆಯ ಪುಣ್ಯಕೋಟಿ ಕಥೆಯನ್ನು ಬೆಂಗಳೂರಿನ ರವಿಶಂಕರ್ ಜನರಿಂದ ದುಡ್ಡು ಕೂಡಿಸಿ, ಊರೂರಿನ ಕಲಾವಿದರನ್ನು ಸೇರಿಸಿ ಅನಿಮೇಷನ್ ಸಿನಿಮಾ ಮಾಡಿದರು, ಸಂಸ್ಕೃತದಲ್ಲಿ. 2020ರಲ್ಲಿ ಬಂತು. ಅಂಥದೊಂದು ಹಸು ಕನ್ನಡದ ಬಾಯಲ್ಲೇ ಕರುವನ್ನು ಕರೆಯುವುದನ್ನು ನೋಡಬೇಕು ನಾನು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರ ಕಡೆ ತೊಗಲುಗೊಂಬೆ ಆಡಿಸೋರು ಬರ್ತಿದ್ರು" ಅಂದರು. "ಒಬ್ಬನೇ ಮೂರು ಜನರ ಮಾತಾಡೋನು. ಬಿಳೀ ಪಂಚೆ ಹಿಂದೆ ದೀಪ. ಬೆಳಗಿನ ಜಾವದವರೆಗೂ ಕೂತಿರ್ತಿದ್ವಿ."

"ಅದನ್ನೂ ಓದಿಸ್ತಾರೆ ಅಕ್ಕ." ನನ್ನ ಮಗಳಿಗೆ ಮೂರು ಆಯಾಮದ ಗೊಂಬೆಗೆ ಎಲುಬು ಕೂರಿಸುವ ಕೆಲಸ ತಲೆಗೆ ಹತ್ತಿದ್ದು ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳನ್ನು ನೋಡಿದ ದಿನ. ಪರಿಷತ್ತು ಕಟ್ಟಿದ ಪ್ರೊಫೆಸರ್ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳ ಬೆನ್ನು ಹತ್ತಿ ಕೂಡಿಟ್ಟವರು. ಹೆಗಲಿನಲ್ಲಿ ಒಂದು ದಾರದ ಗಂಟು, ಮೊಣಕೈಯಲ್ಲಿ ಒಂದು, ಕೈಗೆ ಒಂದು ಕಡ್ಡಿ. ಎಲ್ಲಿ ಗಂಟು ಹಾಕಿದ್ದಾರೋ ಅಲ್ಲಷ್ಟೇ ಗೊಂಬೆ ಬಗ್ಗುತ್ತೆ. ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಆಟ ಇದೆ. ಕಂಪ್ಯೂಟರಿನಲ್ಲಿ ರಿಗ್ಗಿಂಗ್ ಅನ್ನುವುದು ಇದೇ ಗಂಟು ಹಾಕುವ ಕೆಲಸ. ಜರ್ಮನಿಯಲ್ಲಿ ಲಾಟೆ ರೈನಿಗರ್ ಅನ್ನುವ ಹೆಣ್ಣುಮಗಳು ಕಪ್ಪು ಕಾಗದ ಕತ್ತರಿಸಿ, ಕೀಲು ಕೂರಿಸಿ, ಫ್ರೇಮಿಗೆ ಇಷ್ಟಿಷ್ಟೇ ಸರಿಸುತ್ತಾ 1926ರಲ್ಲಿ ಪೂರಾ ಒಂದು ಸಿನಿಮಾ ಮಾಡಿದಳು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಸುದ್ದಿ ಟಿವಿಯಲ್ಲಿ ನೋಡಿದಾಗ ಮಗಳು ಎದ್ದು ನಿಂತಿದ್ದಳು. ತೊಂಬತ್ತು ದಾಟಿದ ಆ ಅಜ್ಜಿ ಓಡಾಡಿಸಿದ ಗೊಂಬೆಗಳಿಗೆ ತೂಕ ಎಷ್ಟಿತ್ತೋ ಅಷ್ಟು ತನ್ನ ಗೊಂಬೆಗೆ ಬಂದರೆ ಸಾಕು ಅಂದಳು.

ಇಷ್ಟೆಲ್ಲ ಕೇಳಿದ ಅಕ್ಕ ಕೊನೆಗೆ ತಮ್ಮ ಮಗನ ಪ್ರಶ್ನೆಯನ್ನೇ ಇಟ್ಟರು. ಕೆಲಸ ಸಿಗುತ್ತಾ?

ಇಲ್ಲಿ ನಾನು ಸುಳ್ಳು ಹೇಳಲಾರೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಇವಕ್ಕಾಗಿ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ನೀತಿ. ಮಹದೇವಪುರದಲ್ಲಿ ಸರ್ಕಾರದ ನೆರವಿನ ಉತ್ಕೃಷ್ಟತಾ ಕೇಂದ್ರ ಇದೆ. ಕೆ.ಜಿ.ಎಫ್.ನಂಥ ಸಿನಿಮಾಗಳ ವಿಎಫ್‌ಎಕ್ಸ್ ಬೆಂಗಳೂರಲ್ಲೇ ಆಯಿತು. ನಮ್ಮ ಹೊಂಬಾಳೆಯವರು ಅರ್ಪಿಸಿದ ಮಹಾವತಾರ್ ನರಸಿಂಹ 2025ರಲ್ಲಿ ಬಂದಾಗ ಅನಿಮೇಷನ್ ಸಿನಿಮಾಕ್ಕೂ ಚಿತ್ರಮಂದಿರ ತುಂಬುತ್ತೆ ಅಂತ ಎಲ್ಲರಿಗೂ ಕಂಡಿತು. ಅದೇ 2025ರ ಆರಂಭದಲ್ಲಿ ವಿದೇಶಿ ಮೂಲದ ದೊಡ್ಡ ಸ್ಟುಡಿಯೋ ಒಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿ, ಬೆಂಗಳೂರಿನ ಎಷ್ಟೋ ಮಕ್ಕಳು ಒಂದೇ ವಾರದಲ್ಲಿ ಬೀದಿಗೆ ಬಿದ್ದರು. ಮಗಳ ಸೀನಿಯರುಗಳು ಅದರಲ್ಲಿದ್ದರು. ಮನೆ ಬಾಡಿಗೆ ಕಟ್ಟಲಾಗದೆ ಊರಿಗೆ ಹೋದವರಿದ್ದಾರೆ. ಶುರುವಿಗೆ ಸಂಬಳ ಕಡಿಮೆ, ಕೆಲಸದ ಹೊತ್ತು ಜಾಸ್ತಿ, ಬಿಡುಗಡೆ ಹತ್ತಿರ ಬಂದರೆ ರಾತ್ರಿ ಹಗಲು ಒಂದೇ.

"ಅದೇನೋ ಎಐ ಅಂತಾರಲ್ಲ, ಅದು ಬಂದ ಮೇಲೆ?"

ನನಗೆ ಅದರ ಭಯ ಇದೆ. ಹೊಸಬರಿಗೆ ಮೊದಲು ಸಿಗುತ್ತಿದ್ದ ಕೆಲಸ, ಅಂದರೆ ಫ್ರೇಮು ಫ್ರೇಮಿಗೂ ಮನುಷ್ಯನ ಅಂಚು ಬಿಡಿಸುವುದು, ತಂತಿ ಅಳಿಸುವುದು, ನಡುವಿನ ಚಿತ್ರ ತುಂಬುವುದು, ಅದನ್ನೇ ಯಂತ್ರ ಮೊದಲು ನುಂಗುತ್ತದೆ. ಆ ಮೆಟ್ಟಿಲು ಹೋದರೆ ಮಕ್ಕಳು ಮೇಲೆ ಹತ್ತುವುದು ಎಲ್ಲಿಂದ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ. ಆದರೆ ಯಂತ್ರ ಕೊಟ್ಟ ಗುಂಡು ಪೊಳ್ಳೋ ಗಟ್ಟಿಯೋ ಹೇಳುವುದಕ್ಕೆ ಭಾವನಂಥ ಕಣ್ಣು ಬೇಕು. ಅಂಥ ಕಣ್ಣು ಒಂದು ದಿನದಲ್ಲಿ ಬರುವುದಿಲ್ಲ. ಮಗಳು ಈಗ ಮಕ್ಕಳ ಪಾಠದ ವಿಡಿಯೋ ಮಾಡುವ ಸಣ್ಣ ಸ್ಟುಡಿಯೋದಲ್ಲಿದ್ದಾಳೆ. ಹತ್ತು ಜನ. ಮೊನ್ನೆ ಒಂದು ಇರುವೆಗೆ ಸಕ್ಕರೆ ಹರಳು ಹೊರಿಸಿದಳು. ಆ ಹರಳು ಅದಕ್ಕೆ ಭಾರ ಅಂತ ಕಾಣಬೇಕಲ್ಲ, ನಾಲ್ಕು ದಿನ ಆಯಿತು.

"ಮೇಷ್ಟ್ರು ಕೆಲಸ ಕೊಡಿಸಲ್ವಾ?"

"ಕೆಲಸ ಕೊಡಿಸೋದು ಶೋರೀಲು ಅಕ್ಕ. ನಾಲ್ಕು ವರ್ಷ ಮಾಡಿದ್ದರಲ್ಲಿ ಚೆನ್ನಾಗಿರೋದನ್ನ ಮಾತ್ರ ಆರಿಸಿ ಒಂದೆರಡು ನಿಮಿಷಕ್ಕೆ ಇಳಿಸಬೇಕು. ಮಾರ್ಕ್ಸ್ ಕಾರ್ಡ್ ಆಮೇಲೆ ಕೇಳ್ತಾರೆ."

ಅವಳ ಶೋರೀಲಿನ ಕೊನೆಯ ಹತ್ತು ಸೆಕೆಂಡನ್ನು ಅಕ್ಕ ಇನ್ನೂ ನೋಡಿರಲಿಲ್ಲ. ತೋರಿಸಲು ನನಗೇ ಅಳುಕಿತ್ತು. ಅವತ್ತು ಫೋನು ತೆಗೆದು ಬಲೆಯ ಮೇಲಿಂದ ಕೊಟ್ಟೆ.

ನಡಿಗೆ ಬರೆಯುವುದು ಅನಿಮೇಷನ್ ಓದುವ ಎಲ್ಲರಿಗೂ ದೊಡ್ಡ ಪರೀಕ್ಷೆ. ಹಿಮ್ಮಡಿ ತಾಗುವುದು, ಮೈ ಇಳಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಏಳುವುದು, ಹೀಗೆ ನಾಲ್ಕು ಭಂಗಿ ಕಲಿತರೆ ಯಾರದೋ ಒಂದು ನಡಿಗೆ ಬರುತ್ತದೆ. ಇಂಥವರದೇ ನಡಿಗೆ ಬರಬೇಕಾದರೆ ಅವರನ್ನು ತಿಂಗಳುಗಟ್ಟಲೆ ನೋಡಿರಬೇಕು. 1878ರಲ್ಲಿ ಮೈಬ್ರಿಜ್ ಅನ್ನುವವನು ಓಡುವ ಕುದುರೆಯ ಸಾಲು ಫೋಟೋ ತೆಗೆಯುವವರೆಗೆ ಅದರ ನಾಲ್ಕೂ ಕಾಲು ಯಾವಾಗ ನೆಲ ಬಿಡುತ್ತವೆ ಅನ್ನುವುದೇ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ದಿನಾ ನೋಡುವುದೇ ನಮಗೆ ಕಾಣುವುದಿಲ್ಲ.

ಫೋನಿನಲ್ಲಿ ಪೆನ್ಸಿಲ್ ಗೆರೆಯ ಒಬ್ಬ ಹೆಂಗಸು, ತಲೆಯಲ್ಲಿ ತುರುಬು, ಕಂಕುಳಲ್ಲಿ ಕುಕ್ಕೆ, ಎಡದಿಂದ ಬಲಕ್ಕೆ ನಡೆದು ಹೋದಳು. ಮುಖ ಬರೆದಿಲ್ಲ. ಬಲಗಾಲ ಮೇಲೆ ಹದಿನಾರು ಫ್ರೇಮು ನಿಲ್ಲುತ್ತಾಳೆ, ಎಡಗಾಲ ಮೇಲೆ ಹತ್ತೇ. ಎಡಗಾಲು ಊರುವ ಮೊದಲು ಕುಕ್ಕೆ ಹಿಡಿದ ಕೈ ಕೊಂಚ ಮೇಲೇಳುತ್ತದೆ, ಭಾರ ಕಡಿಮೆ ಮಾಡಿಕೊಳ್ಳುವ ಹಾಗೆ.

ಅಕ್ಕ ಒಂದು ಸಲ ನೋಡಿದರು. ಇನ್ನೊಂದು ಸಲ ಹಾಕು ಅಂದರು. ಹಾಕಿದೆ.

"ನನ್ನ ಎಡ ಮಂಡಿ" ಅಂದರು. "ಹೋದ ವರ್ಷ ಡಾಕ್ಟರ್ ಹತ್ರ ಹೋಗೋ ಮುಂಚೆ ನಾನು ಯಾರಿಗೂ ಹೇಳಿರಲಿಲ್ಲ. ಇದನ್ನ ಯಾವಾಗ ಬರೆದ್ಲು?"

"ಅದಕ್ಕೂ ಮುಂಚೆ ಅಕ್ಕ. ನೀವು ಕಾಯಿ ಕೀಳೋಕೆ ಬರೋದನ್ನ ಮಹಡಿ ಕಿಟಕಿಯಿಂದ ನೋಡಿ ಬರೀತಿದ್ಲು. ಕೇಳದೆ ಬರೆದಿದೀನಿ, ಬೇಜಾರಾದ್ರೆ ತೆಗೆದುಬಿಡ್ತೀನಿ ಅಂದಿದಾಳೆ."

ಅಕ್ಕ ಫೋನು ವಾಪಸ್ ಕೊಡಲಿಲ್ಲ. ಮನೆಯ ಕಡೆ ತಿರುಗಿ ಮೊಮ್ಮಗನ ಹೆಸರು ಹಿಡಿದು ಕೂಗಿದರು, ಹಾಗೇ ತಮ್ಮ ಮಗನನ್ನೂ ಕೂಗಿದರು. ಹುಡುಗ ಕಣ್ಣುಜ್ಜಿಕೊಂಡು ಹಿತ್ತಲ ಬಾಗಿಲಿಗೆ ಬಂದ.

"ಮುಂದಿನ ಭಾನುವಾರ ಆರೂವರೆಗೆ ಕೆರೆ ಬೇಲಿ ಹತ್ರ ಹೋಗಬೇಕು ನೀನು. ಗೆರೆ ಇಲ್ಲದ ಬಿಳೀ ಪುಸ್ತಕ ಒಂದು, ಪೆನ್ಸಿಲು. ಇದನ್ನ ಬರೆದ ಅಕ್ಕ ಕರ್ಕೊಂಡು ಹೋಗ್ತಾಳೆ. ಫೋನು ಮನೇಲಿ ಬಿಟ್ಟು ಹೋಗು. ನಿಮ್ಮಪ್ಪ ಎಲ್ಲಿ, ಬರ ಹೇಳು, ಇದೊಂದು ನೋಡಲಿ."

ಅಷ್ಟು ಹೇಳಿ ಅವರು ಗೋಡೆಯ ಮೇಲಿದ್ದ ಕುಕ್ಕೆಯನ್ನು ಎತ್ತಿ ಬಲೆಯ ಮೇಲಿಂದ ನನ್ನ ಕಡೆ ಚಾಚಿದರು. ಆ ಕಡೆ ಬಿಟ್ಟ ಕಾಯಿಯೂ ಅದರಲ್ಲಿತ್ತು.